ಗೋಡೆಯಾಚೆಯ ಹಾಜರಿ

ರಾಜಧಾನಿ
ಫೆಬ್ರವರಿ ೩

ಅಪ್ಪನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಒಪ್ಪಂದ ಬೇಡ ಎಂಬ ಮೆರವಣಿಗೆಯಲ್ಲಿ ನಾನು ಫಲಕ ಹಿಡಿದ ಫೋಟೊ ಪತ್ರಿಕೆಯಲ್ಲಿ ಬಂದ ದಿನ ನೀವು "ಇನ್ನು ಈ ಮನೆ ಹೊಸಿಲು ತುಳೀಬೇಡ" ಅಂದಿರಿ. ನಾನೂ ಹಟಕ್ಕೆ ಬಿದ್ದು ತುಳಿಯಲಿಲ್ಲ. ಯಾರ ಹಟ ದೊಡ್ಡದು ಎಂದು ಅಳೆಯಲು ಈಗ ಪುರುಸೊತ್ತಿಲ್ಲ. ವಿಷಯ ಯುದ್ಧಕ್ಕೆ ಹೋದ ತಮ್ಮನದು, ನಮ್ಮ ಗುಡುಗಣ್ಣನದು.

ನಾವೆಲ್ಲ ದೊಡ್ಡಣ್ಣ ಎನ್ನುವ ಆ ಬಲಿಷ್ಠ ದೇಶದ ಜೊತೆಗಿನ ಒಪ್ಪಂದವನ್ನು ಮುಂದುವರಿಸಬೇಕೋ ಬಿಡಬೇಕೋ ಎಂದು ನೋಡಲು ಸರ್ಕಾರ ಒಂದು ಸಮಿತಿ ಮಾಡಿದೆ. ಅದರ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿಮಗೆ ಒಪ್ಪಂದದ ಪಾಠ ಹೇಳಬೇಕಾಗಿಲ್ಲ. ಅವರ ಸೈನಿಕರು ನಮ್ಮೂರಲ್ಲಿ ಗೋಡೆ ಕಟ್ಟಿಕೊಂಡು ಅದರೊಳಗೆ ಕೂತು ನಮ್ಮ ಕಡಲು ಕಾಯುತ್ತಾರೆ, ಅದಕ್ಕೆ ಬದಲು ನಮ್ಮ ಹುಡುಗರು ಅವರ ಯುದ್ಧಕ್ಕೆ ಹೋಗುತ್ತಾರೆ. ಸಮಿತಿಯಲ್ಲಿ ಅರ್ಧ ಜನ ಇದು ಬೇಕು ಅನ್ನುತ್ತಾರೆ, ಅರ್ಧ ಜನ ಬೇಡ ಅನ್ನುತ್ತಾರೆ, ಅಧ್ಯಕ್ಷರು ಊಟದ ಹೊತ್ತಾಯಿತೇ ಅನ್ನುತ್ತಾರೆ.

ಒಪ್ಪಂದ ಇರುವವರೆಗೆ ನಮ್ಮ ಹಡಗು ಆ ಯುದ್ಧಭೂಮಿಯ ಕಡೆ ಸುಳಿಯುವಂತಿಲ್ಲ. ಅವರು ಕೊಟ್ಟಷ್ಟೇ ಸುದ್ದಿ, ಅವರು ಕಳಿಸಿದಾಗಲೇ ಹುಡುಗರು. ಒಪ್ಪಂದ ಮುಗಿದರೆ ಮಾತ್ರ ನಾವೇ ಹೋಗಿ ಕರೆತರಬಹುದು. ಅಪ್ಪಾ, ನನ್ನ ತಮ್ಮ ಮನೆಗೆ ಬರುವುದಕ್ಕೆ ಇರುವುದು ಇದೊಂದೇ ದಾರಿ.

ನೀವು ಮೂವತ್ತು ವರ್ಷದಿಂದ ಅವರ ಬಟ್ಟೆ ಒಗೆಯುತ್ತಿದ್ದೀರಿ. ಗೋಡೆಯೊಳಗೆ ಈಗ ಹೇಗಿದ್ದಾರೆ, ಮೊದಲಿನಷ್ಟೇ ಜನ ಇದ್ದಾರೆಯೇ, ತಿಳಿದಷ್ಟು ಬರೆಯಿರಿ. ಮೇ ತಿಂಗಳಲ್ಲಿ ಸಮಿತಿ ಅಲ್ಲಿಗೇ ಬರುತ್ತದೆ. ಅಮ್ಮನಿಗೆ ನನ್ನ ನೆನಪು ಹೇಳಿ.

ಮಗಳು


ಊರು
ಫೆಬ್ರವರಿ ೧೬

ವಕೀಲಮ್ಮನವರಿಗೆ,

ಎಂಟನೇ ವಯಸ್ಸಿಗೇ ಮಲಗುವ ಹೊತ್ತಿನ ಬಗ್ಗೆ ನನ್ನ ಜೊತೆ ವಾದ ಹೂಡಿ ಗೆದ್ದವಳು ನೀನು. ಈ ಹೆಸರು ಆಗ ಇಟ್ಟದ್ದು. ಈಗ ಇಡೀ ದೇಶಕ್ಕೇ ವಕೀಲಳಾಗಿದ್ದೀಯೆ ಎಂದು ಕೇಳಿ, ಕೋಪ ಇದ್ದರೂ, ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿಮ್ಮಮ್ಮ ಎಷ್ಟು ಸಲ ಓದಿದಳೋ ಲೆಕ್ಕ ಇಟ್ಟಿಲ್ಲ.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು. ನಿನ್ನ ಶಾಲೆ, ನಿನ್ನ ಕಾಲೇಜು, ನೀನು ಹಿಡಿದ ಆ ಫಲಕದ ಕೋಲು, ಎಲ್ಲವೂ ಅವರ ಕೊಳೆ ಬಟ್ಟೆಯಿಂದಲೇ ಬಂದದ್ದು. ನಮ್ಮ ಮೇಲೆ ಕಣ್ಣಿಟ್ಟಿರುವ ಆಚೆ ದಡದವರ ಬೂದು ಬಣ್ಣದ ದೋಣಿಗಳು ದಿನವೂ ಕಡಲಗಡಿಯ ತೇಲು ಗುರುತಿನವರೆಗೆ ಬರುತ್ತವೆ, ನಮ್ಮ ಗೋಡೆ ನೋಡುತ್ತವೆ, ಹಿಂದಿರುಗುತ್ತವೆ. ರಾಜಧಾನಿಯಲ್ಲಿ ಕೂತವರಿಗೆ ಅದು ಕಾಣುವುದಿಲ್ಲ.

ಒಳಗೆ ಹೇಗಿದ್ದಾರೆ ಎಂದರೆ ನಾನೇನು ಹೇಳಲಿ? ಲಾಂಡ್ರಿಯ ಹಿಂಗೋಡೆಯಲ್ಲಿ ಆ ಕಪಾಟಿನಂಥ ಕಿಂಡಿ ನಿನಗೆ ನೆನಪಿರಬೇಕು. ಒಂದು ಬಾಗಿಲು ನಮ್ಮ ಕಡೆ, ಒಂದು ಅವರ ಕಡೆ. ಒಂದು ತೆರೆದಾಗ ಇನ್ನೊಂದು ತೆರೆಯಬಾರದು ಎಂಬುದು ಕಟ್ಟಳೆ. ಅವರು ಮೂಟೆ ಇಡುತ್ತಾರೆ, ನಾವು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ವಾಪಸು ಇಡುತ್ತೇವೆ. ಮೂವತ್ತು ವರ್ಷದಲ್ಲಿ ನಾನು ಅವರ ಮುಖಕ್ಕಿಂತ ಕಾಲರು ನೋಡಿದ್ದೇ ಹೆಚ್ಚು.

ಒಂದು ಸಣ್ಣ ಸೋಜಿಗ ಇದೆ, ಹೇಳಿಬಿಡುತ್ತೇನೆ. ಬೆಡ್‌ಶೀಟ್ ಮಡಿಸುವಾಗ ಕೊನೆಯ ಮೂಲೆಯನ್ನು ಒಳಕ್ಕೆ ತಿರುಗಿಸುವುದು ನನ್ನ ಗುರು ಕಲಿಸಿದ ಪದ್ಧತಿ. ಈ ಊರಲ್ಲಿ ಹಾಗೆ ಮಡಿಸುವವನು ನಾನೊಬ್ಬನೇ. ಈಚೆಗೆ ಒಗೆಯಲು ಬರುವ ಶೀಟುಗಳು ನಾನು ಮಡಿಸಿ ಕಳಿಸಿದ ಹಾಗೆಯೇ, ಮೂಲೆ ಒಳಗೇ ಇದ್ದುಕೊಂಡು ಬರುತ್ತಿವೆ. ಬಿಚ್ಚಿ ಮೂಸಿದರೆ ನನ್ನದೇ ಸೋಪಿನ ವಾಸನೆ. ದೊಡ್ಡವರ ಮನೆಯಲ್ಲಿ ಹೆಚ್ಚುವರಿ ಹಾಸಿಗೆ ಇರುತ್ತವೆ ಎಂದುಕೊಂಡು ಮತ್ತೆ ಒಗೆದು ಕಳಿಸುತ್ತೇನೆ.

ಗುಡುಗಣ್ಣ ತಿಂಗಳ ಮೊದಲ ಭಾನುವಾರ ತಪ್ಪದೆ ಅಂಚೆ ಕಚೇರಿಗೆ ಫೋನ್ ಮಾಡುತ್ತಾನೆ. ನಿಮ್ಮಮ್ಮ ಬೆಳಿಗ್ಗೆಯೇ ಹೋಗಿ ಬೆಂಚಿನ ಮೇಲೆ ಕೂತಿರುತ್ತಾಳೆ. ಮೊದಲು ಅವನು ಮಾತಾಡಿದರೆ ಅಂಚೆಯವನು ಕಿವಿ ಮುಚ್ಚಿಕೊಳ್ಳುತ್ತಿದ್ದ. ಈಗ ಬಹಳ ಮೆಲ್ಲಗೆ ಮಾತಾಡುತ್ತಾನಂತೆ. ಸೈನ್ಯ ಅವನಿಗೆ ನಯ ಕಲಿಸಿದೆ, ನಮ್ಮಿಂದ ಆಗದ ಕೆಲಸ ಅದು.

ನಿನ್ನ ಅಪ್ಪ


ರಾಜಧಾನಿ
ಮಾರ್ಚ್ ೨

ಅಪ್ಪನಿಗೆ,

ಬೈಗುಳವನ್ನು ಪ್ರಸಾದ ಎಂದು ಸ್ವೀಕರಿಸಿದೆ. ಆದರೆ ಬೆಡ್‌ಶೀಟಿನ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಎಲ್ಲ ಶೀಟುಗಳೂ ಹಾಗೇ ಬರುತ್ತಿವೆಯೇ? ಅಂಗಿಗಳು? ಅವುಗಳಲ್ಲಿ ಬೆವರಿನ ಕಲೆ ಇದೆಯೇ?

ಇಲ್ಲಿಯೂ ಒಂದು ವಿಚಿತ್ರ ಇದೆ. ಅವರ ದೂತಾವಾಸಕ್ಕೆ ಸಮಿತಿಯ ಪರವಾಗಿ ನಾನು ಏನು ಬರೆದರೂ ಒಂದು ಗಂಟೆಯೊಳಗೆ ಉತ್ತರ ಬರುತ್ತದೆ. "ನಮ್ಮ ಬದ್ಧತೆ ಅಚಲ." ಖುದ್ದಾಗಿ ಹೋದರೆ ಗಾಜಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಕೂರಲು ಹೇಳುವ ದನಿ ಕೇಳುತ್ತದೆ, ಯಾರೂ ಬರುವುದಿಲ್ಲ. ನಿನ್ನೆ ಅಲ್ಲಿ ಸುಮ್ಮನೆ ಕೂತು ಎದ್ದು ಬಂದೆ.

ದಯವಿಟ್ಟು ನೋಡಿ ಬರೆಯಿರಿ.

ಮಗಳು


ಊರು
ಮಾರ್ಚ್ ೨೪

ವಕೀಲಮ್ಮ,

ಈ ಕಾಗದ ಓದಿ ಸುಟ್ಟುಬಿಡು.

ನಿನ್ನ ಪ್ರಶ್ನೆಗೆ ಸಿಟ್ಟು ಬಂತು, ನಾನೇನು ಗೂಢಚಾರನೇ ಎಂದು. ಸಿಟ್ಟಿನಲ್ಲೇ ಪರೀಕ್ಷೆ ಮಾಡಿದೆ. ಇಸ್ತ್ರಿಯಲ್ಲಿ ಒಂದು ಗೆರೆ ಹೆಚ್ಚಾಗಿದ್ದರೆ ಅಂಗಿಯನ್ನು ವಾಪಸು ಎಸೆಯುತ್ತಿದ್ದ ಜನ ಅವರು. ಒಂದು ಮೂಟೆ ಅಂಗಿಗೆ ಬೇಕೆಂದೇ ಗುಂಡಿಗಳನ್ನು ಹಿಂದುಮುಂದಾಗಿ ಹೊಲಿದು ಕಳಿಸಿದೆ. ಸದ್ದಿಲ್ಲ. ಅವೇ ಅಂಗಿಗಳು, ಅದೇ ಗುಂಡಿ, ಮರುವಾರ ಒಗೆಯಲು ಬಂದವು.

ಕಳೆದ ಭಾನುವಾರ ಮಟಮಟ ಮಧ್ಯಾಹ್ನ ಕಿಂಡಿಯ ನಮ್ಮ ಬಾಗಿಲು ತೆರೆದರೆ ಆಚೆಯ ಬಾಗಿಲೂ ತೆರೆದೇ ಇತ್ತು. ಒಳಗಿನ ಬಿಸಿಲು ನೇರ ನನ್ನ ಇಸ್ತ್ರಿ ಮೇಜಿನ ಮೇಲೆ ಬಿದ್ದಿತ್ತು. ಈ ಸೊಂಟ ಇಟ್ಟುಕೊಂಡು ಹೇಗೆ ತೂರಿದೆನೋ, ತೂರಿದೆ.

ಒಳಗೆ ಯಾರೂ ಇಲ್ಲ, ಮಗಳೇ.

ಸಾಲಾಗಿ ಮಂಚಗಳು, ಮೇಲೆ ನನ್ನ ಶೀಟುಗಳು. ಕೆಳಗೆ ಪಾಲಿಶ್ ಮಾಡಿದ ಬೂಟುಗಳು. ಊಟದ ಕೋಣೆಯಲ್ಲಿ ತಟ್ಟೆಗಳು ಬೋರಲಾಗಿ ಜೋಡಿಸಿದ ಹಾಗೇ ಇವೆ. ಗಡಿಯಾರಗಳು ಅವರ ದೇಶದ ಸಮಯ ತೋರಿಸುತ್ತಾ ಓಡುತ್ತಿವೆ. ದೀಪ ತಾನಾಗಿ ಹತ್ತುತ್ತದೆ, ಸೈರನ್ ತಾನಾಗಿ ಕೂಗುತ್ತದೆ. ಕೂಗಿದಾಗ ಕಿಟಕಿ ಗಾಜುಗಳು ಅದುರುತ್ತವೆ, ಒಂದು ಬಾಗಿಲೂ ತೆರೆಯುವುದಿಲ್ಲ.

ಆಗ ಹೆಜ್ಜೆ ಸದ್ದು ಕೇಳಿತು. ಕಂಬದ ಮರೆಗೆ ನಿಂತೆ. ಹೆಗಲ ಮೇಲೆ ಬಟ್ಟೆ ಮೂಟೆ ಹೊತ್ತು ಬಂದವನು ಯಾರು ಗೊತ್ತೇ? ನಮ್ಮ ಕ್ಷೌರದಂಗಡಿಯವನು!

"ಅಣ್ಣಾ, ನೀನೂನಾ?" ಅಂದ.

"ನಾನೂ ಅಂದ್ರೆ? ನೀನಿಲ್ಲಿ ಏನ್ ಮಾಡ್ತಿದೀಯಾ?"

"ನಿನ್ನ ಮೂಟೆ ಕಟ್ತಿದೀನಿ. ಇನ್ಯಾರು ಕಟ್ತಾರೆ?"

ಹೋದ ಮಳೆಗಾಲದ ಒಂದು ಮಂಜಿನ ವಾರದಲ್ಲಿ ಅವರ ಹಡಗುಗಳು ಸೈನಿಕರನ್ನೆಲ್ಲ ಹತ್ತಿಸಿಕೊಂಡು ಹೋಗಿವೆ. ತಲೆ ಕೂದಲು ಕತ್ತರಿಸಲು ಒಳಗೆ ಹೋಗುವ ಪಾಸು ಇವನಿಗೆ ಇತ್ತಲ್ಲ, ಹೋದರೆ ಕುರ್ಚಿಯಲ್ಲಿ ಕೂರಲು ತಲೆಯೇ ಇಲ್ಲ. ಊರಿಗೆ ತಿಳಿದರೆ ಭಯಕ್ಕೆ ಬಿದ್ದು ಊರೇ ಖಾಲಿಯಾಗುತ್ತದೆ ಎಂದು ಯಾರಿಗೂ ಹೇಳದೆ, ನನಗೆ ಅನುಮಾನ ಬಾರದಿರಲಿ ಎಂದು ವಾರವಾರ ಶೀಟು ಮೂಟೆ ಕಟ್ಟಿ ಕಿಂಡಿಯಲ್ಲಿ ಇಡುತ್ತಿದ್ದಾನೆ. ಮೂಲೆ ಬಿಚ್ಚಿ ಮುದುರಬೇಕೆಂಬ ಬುದ್ಧಿ ಮಾತ್ರ ಅವನಿಗೆ ಹೊಳೆಯಲಿಲ್ಲ. ಇಬ್ಬರೂ ಅಲ್ಲಿ ನಿಂತು ಪಿಸುಗುಟ್ಟುತ್ತಿರುವಾಗ ಒಳಗಿನವರಿಗೆ ಬ್ರೆಡ್ ತಂದುಕೊಡುವ ಬೇಕರಿಯಮ್ಮ ಖಾಲಿ ಬುಟ್ಟಿ ಹಿಡಿದು ಬಂದಳು. ದಿನಾ ಬೆಳಿಗ್ಗೆ ಬಾವುಟ ಏರಿಸುವವಳು ಅವಳು! ತಾನು ಒಬ್ಬಳೇ ಈ ಗುಟ್ಟು ಬಲ್ಲವಳು ಎಂದುಕೊಂಡಿದ್ದಳಂತೆ. "ಬ್ರೆಡ್ಡೆಲ್ಲ ಮೀನಿಗೆ ಹಾಕ್ತೀನಪ್ಪಾ. ಈ ದಡದ ಮೀನು ಹಂಗೆ ಕೊಬ್ಬಿರೋದು ನೋಡಿಲ್ವಾ?" ಅಂದಳು. ಮೂವರೂ ನಕ್ಕೆವು. ಆ ಖಾಲಿ ಕೋಣೆಯಲ್ಲಿ ನಗು ಕೇಳಿ ನಮಗೇ ಹೆದರಿಕೆಯಾಗಿ ನಿಲ್ಲಿಸಿದೆವು.

ಅಷ್ಟರಲ್ಲಿ ಅಂಗಳದ ಧ್ವನಿವರ್ಧಕ ಹಾಜರಿ ಕರೆಯತೊಡಗಿತು. ಅವರ ಭಾಷೆ, ಅವರ ಹೆಸರುಗಳು. ಒಂದು ಹೆಸರು ಕರೆದು ಸುಮ್ಮನಾಗುತ್ತದೆ, ಕಾಯುತ್ತದೆ. ಓಗೊಡದಿದ್ದರೆ ಮತ್ತೆ ಅದೇ ಹೆಸರು. ಹೀಗೆ ಕತ್ತಲಾಗುವವರೆಗೂ ಒಂದೇ ಹೆಸರನ್ನು ಕರೆದದ್ದುಂಟಂತೆ. "ಕೇಳೋಕಾಗಲ್ಲ ಅಣ್ಣಾ, ಅದಕ್ಕೆ ನಾನೇ ಓ ಅಂತೀನಿ" ಎಂದ ಕ್ಷೌರದವನು. ಅವನು ಕೈ ಬಾಯಿಗೆ ಮರೆ ಮಾಡಿ ಅವರ ಭಾಷೆಯಲ್ಲಿ ಓ ಅಂದ. ಧ್ವನಿ ಮುಂದಿನ ಹೆಸರಿಗೆ ಹೋಯಿತು.

ನೀವು ಅಲ್ಲಿ ಈ ಸ್ನೇಹ ಬೇಕೇ ಬೇಡವೇ ಎಂದು ಮರುಚಿಂತನೆ ಮಾಡುತ್ತಿದ್ದೀರಿ. ಅವರು ಯಾವಾಗಲೋ ಮಾಡಿ ಮುಗಿಸಿದ್ದಾರೆ.

ಅಪ್ಪ


ರಾಜಧಾನಿ
ಏಪ್ರಿಲ್ ೫

ಅಪ್ಪಾ,

ಸುಟ್ಟಿದ್ದೇನೆ. ಬೂದಿಯನ್ನೂ ನೀರಿಗೆ ಬಿಟ್ಟೆ.

ನಾನು ಒಂದು ಸಾಲು ಬರೆದರೆ ಸಾಕು. ಅವರೇ ಮಾತು ತಪ್ಪಿದ್ದಾರೆ, ಒಪ್ಪಂದ ಅಲ್ಲಿಗೆ ಮುಗಿಯಿತು. ಮರುದಿನ ನಮ್ಮ ಹಡಗು ಹೊರಡುತ್ತದೆ. ತಮ್ಮ ಬರುತ್ತಾನೆ ಅಪ್ಪಾ! ಅಮ್ಮ ಆ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂರುವುದು ತಪ್ಪುತ್ತದೆ.

ಬರೆಯಲೇ? ನೀವು ಹೂಂ ಅನ್ನದೆ ಬರೆಯುವುದಿಲ್ಲ.

ಮಗಳು


ಊರು
ಏಪ್ರಿಲ್ ೧೮

ವಕೀಲಮ್ಮ,

ಬರೆಯಬೇಡ.

ನನಗೂ ಮಗನೇ ಅವನು. ಆದರೆ ನಿಮ್ಮ ವರದಿಯನ್ನು ನಮ್ಮವರು ಓದುವ ಮೊದಲು ಆಚೆ ದಡದವರು ಓದುತ್ತಾರೆ. ಬೆದರುಗೊಂಬೆಯೊಳಗೆ ಹುಲ್ಲೇ ಇರುವುದು ಎಂದು ಕಾಗೆಗಳಿಗೆ ನಾವೇ ಡಂಗುರ ಹೊಡೆಯಬೇಕೇ? ಇಲ್ಲಿ ಈ ಬೀದಿಯಲ್ಲಿ ಎಷ್ಟು ಮನೆ, ಎಷ್ಟು ತೊಟ್ಟಿಲು ಇವೆ ಎಂದು ನಿನಗೆ ಗೊತ್ತು. ಅವನು ಗಂಡಸು, ಬಂದೂಕು ಹಿಡಿದಿದ್ದಾನೆ, ಊಟ ಹಾಕುತ್ತಾರೆ. ಇನ್ನೆರಡು ವರ್ಷ ಇದ್ದು ಬರಲಿ.

ನಂಬಿಕಸ್ತರಾದ ಇನ್ನಷ್ಟು ಊರವರನ್ನು ಸೇರಿಸಿಕೊಂಡು, ಅವರ ಸೈನಿಕರ ಬಟ್ಟೆ ತೊಟ್ಟು ನಿಲ್ಲಲು ನಾವು ಈಗ ಸರದಿ ಮಾಡಿಕೊಂಡಿದ್ದೇವೆ. ಅಲ್ಲಿನ ಕಾವಲು ಗೋಪುರದ ಮೇಲೆ ಯಾರಾದರೂ ನಿಂತಿರುವ ದಿನ ಬೂದು ದೋಣಿಗಳು ಬೇಗ ತಿರುಗುತ್ತವೆ. ಅಂಗಿ ನನಗೆ ಭುಜದಲ್ಲಿ ಸ್ವಲ್ಪ ಅಗಲ. ಹಾಜರಿಯಲ್ಲಿ ನನಗೂ ಒಂದು ಹೆಸರು ಸಿಕ್ಕಿದೆ. ಮೊದಮೊದಲು ಬೇರೆಯವನ ಹೆಸರಿಗೆ ಓ ಅನ್ನುವಾಗ ಗಂಟಲಲ್ಲಿ ಸಣ್ಣ ಉಸಿರೊಂದು ಸಿಕ್ಕಿಕೊಳ್ಳುತ್ತಿತ್ತು. ಈಗಲೂ ಸಿಕ್ಕಿಕೊಳ್ಳುತ್ತದೆ, ಆದರೆ ಮೊನ್ನೆ ಮಾರುಕಟ್ಟೆಯಲ್ಲಿ ಯಾರೋ ನನ್ನ ನಿಜ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡಲು ಮರೆತೆ. ನಿಮ್ಮಮ್ಮ ವಯಸ್ಸಾಯಿತು ಎಂದು ನಗುತ್ತಾಳೆ.

ಅಪ್ಪ


ರಾಜಧಾನಿ
ಮೇ ೨೦

ಅಪ್ಪನಿಗೆ,

ಬಂದೆ, ನೋಡಿದೆ, ಬಾಯಿ ಮುಚ್ಚಿಕೊಂಡು ವಾಪಸಾದೆ.

ಭದ್ರತೆಯ ಕಾರಣ ಬಸ್ಸಿನಿಂದ ಇಳಿಯುವಂತಿಲ್ಲ ಎಂದು ದೂತಾವಾಸದ ಸೂಚನೆ ಮೊದಲೇ ಬಂದಿತ್ತು. ಗೇಟು ತಾನಾಗಿ ತೆರೆಯಿತು. ಅಂಗಳದ ಆ ತುದಿಯಲ್ಲಿ ಸಾಲು ಸಾಲು ಸೈನಿಕರು. ಧ್ವನಿವರ್ಧಕ ಹೆಸರು ಕರೆಯಿತು, ಸಾಲಿನಿಂದ ಓಗೊಟ್ಟರು, ಒಂದೂ ತಪ್ಪಲಿಲ್ಲ. ಒಪ್ಪಂದ ಬೇಡ ಅನ್ನುತ್ತಿದ್ದ ಸದಸ್ಯರೇ "ಏನ್ ಶಿಸ್ತು ರೀ!" ಎಂದು ಬಾಯಿ ಬಿಟ್ಟರು.

ಎರಡನೇ ಸಾಲಿನಲ್ಲಿ ಒಬ್ಬ ಸೈನಿಕ ಕೈ ಚಾಚಿ ಮುಂದಿನವನ ಕಾಲರು ನೆಟ್ಟಗೆ ಮಾಡಿದ. ಜಗತ್ತಿನ ಯಾವ ಸೈನ್ಯದಲ್ಲೂ ಹಾಜರಿ ನಡೆಯುವಾಗ ಹಾಗೆ ಮಾಡುವವರಿಲ್ಲ. ನಾನು ಶಾಲೆಗೆ ಹೊರಟಾಗ ದಿನಾ ಹಾಗೆ ಮಾಡುತ್ತಿದ್ದವರು ಒಬ್ಬರೇ. ನನಗೆ ಕಿರುಚಬೇಕು ಅನ್ನಿಸಿತು. ಕಿರುಚಿದ್ದರೆ ನಿಮ್ಮನ್ನು ಅಲ್ಲೇ ಹಿಡಿದು ದೇಶದ್ರೋಹಿ ಎನ್ನುತ್ತಿದ್ದರು.

ನನ್ನನ್ನು ಹೆದರಿಸಿದ್ದು ನೀವಲ್ಲ. ಆ ಹೊತ್ತು ನಿಮ್ಮ ಮುಖ. ಬಸ್ಸು ಹತ್ತಿರ ಬಂದಾಗ ನೀವು ನನ್ನನ್ನು ನೋಡಿದಿರಿ. ಗುರುತೇ ಇಲ್ಲದ ಹಾಗೆ ನೋಡಿದಿರಿ.

ಸಮಿತಿ ಈಗ ಒಪ್ಪಂದ ಮುಂದುವರಿಸುವ ಕಡೆ ವಾಲಿದೆ. ವರದಿಗೆ ಜೂನ್ ಕೊನೆಯವರೆಗೆ ಸಮಯ ಇದೆ. ಅಪ್ಪಾ, ನೀವು ಊರು ಕಾಯುತ್ತೇನೆಂದು ಹೊರಟು ಸ್ವಂತ ಮಗನನ್ನು ಆ ಯುದ್ಧಭೂಮಿಯಲ್ಲೇ ಕೂಡಿಹಾಕುತ್ತಿದ್ದೀರಿ. ಇದನ್ನು ನಾನು ಕ್ಷಮಿಸಲಾರೆ.

ಮಗಳು


ಊರು
ಜೂನ್ ೯

ಮಗಳೇ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಎಂದು ಹಟ ಹಿಡಿದು ಕೂತಿದ್ದೆ. ಈ ತಿಂಗಳ ಮೊದಲ ಭಾನುವಾರ ನಿಮ್ಮಮ್ಮನಿಗೆ ಜ್ವರ. ನೀವೇ ಹೋಗಿ ಬನ್ನಿ ಎಂದಳು. ಅಂಚೆ ಕಚೇರಿಗೆ ನಾನು ಹೋದೆ. ಮೂರು ವರ್ಷದಲ್ಲಿ ನಾನು ಆ ಫೋನ್ ಎತ್ತಿದ್ದು ಇದೇ ಮೊದಲು. ಗಂಡಸಿನ ಬಿಗುಮಾನ ನೋಡು.

"ಗುಡುಗಣ್ಣಾ" ಅಂದೆ.

ಆ ಕಡೆ ಒಂದು ಸಣ್ಣ ಉಸಿರು ಸಿಕ್ಕಿಕೊಂಡಿತು. ಆಮೇಲೆ "ಹೂಂ ಅಪ್ಪಾ" ಎಂದಿತು ದನಿ.

ಆ ಉಸಿರು ನನಗೆ ಗೊತ್ತು. ಹಾಜರಿಯಲ್ಲಿ ಓ ಅನ್ನುವಾಗ ನನ್ನ ಗಂಟಲಲ್ಲೇ ಸಿಕ್ಕಿಕೊಳ್ಳುವ ಉಸಿರು ಅದು. ಅಂಚೆಯವನಿಗೆ ಕೇಳಿಸದ ಹಾಗೆ ಬೆನ್ನು ತಿರುಗಿಸಿ ಕೇಳಿದೆ, "ನೀನು ಯಾರಪ್ಪಾ?"

ಫೋನ್ ಇಟ್ಟುಬಿಡುತ್ತಾನೆ ಎಂದುಕೊಂಡೆ.

"ನಾನು ಅವನ ಪಕ್ಕದ ಮಂಚದವನು" ಅಂದ. "ಅವನು ಹೋದ ಮಳೆಗಾಲದಲ್ಲೇ... ಹೇಳೋಣ ಅಂತಲೇ ಫೋನ್ ಮಾಡಿದ್ದೆ. ಅಮ್ಮ ಎತ್ತಿದ ಕೂಡಲೇ 'ಊಟ ಮಾಡಿದ್ಯಾ ಮಗಾ' ಅಂದ್ರು. ಹೂಂ ಅಂದುಬಿಟ್ಟೆ. ಆ ಹೂಂ ಹಿಂದಕ್ಕೆ ತಗೊಳ್ಳೋಕೆ ಆಗ್ಲಿಲ್ಲ."

ಸುದ್ದಿಯನ್ನು ಹೀಗೆ ಬರೆಯಬೇಕಾಗಿ ಬಂತಲ್ಲ ಮಗಳೇ. ನಿನ್ನ ತಮ್ಮ ಇಲ್ಲ. ನಾನು ಯಾರ ಯಾರದೋ ಹೆಸರಿಗೆ ಓಗೊಡುತ್ತಾ ನಿಂತಿರುವಾಗ ಅವನು ಆಗಲೇ ಇರಲಿಲ್ಲ.

ನಿಮ್ಮ ಮೇಲಿನವರು ಯಾರು, ಅವರಿಗೆ ಫೋನ್ ಕೊಡು ಎಂದು ಗದರಿದೆ. "ಮೇಲಿನವರು ಯಾರೂ ಇಲ್ಲ ಇಲ್ಲಿ" ಅಂದ. "ಇಲ್ಲೇ ಇರಿ, ಹಡಗು ಬರತ್ತೆ ಅಂತ ಹೇಳಿ ಹೋದ್ರು. ನಾವು ಹನ್ನೊಂದು ಜನ ಉಳಿದಿದೀವಿ. ಹೋದವರ ಮನೆಗಳಿಗೆಲ್ಲ ನಾವೇ ಫೋನ್ ಮಾಡ್ತೀವಿ. ಒಬ್ಬೊಬ್ಬರಿಗೆ ಇಷ್ಟಿಷ್ಟು ಮನೆ ಅಂತ ಹಂಚಿಕೊಂಡಿದೀವಿ."

"ನಿಮ್ಮನೇಲಿ ಯಾರಿದ್ದಾರೆ? ಅವರಿಗೆ ಫೋನ್ ಮಾಡ್ತೀಯಾ?" ಎಂದು ಕೇಳಿದೆ.

"ನಮ್ಮಮ್ಮ ಇದ್ದಾಳೆ. ಮಾಡ್ತೀನಿ. ಆದ್ರೆ ಈಗ ಅವಳು ನಂಬೋದಿಲ್ಲ. ನೀನು ನನ್ನ ಮಗ ಅಲ್ಲ, ನನ್ನ ಮಗನ ದನಿ ಹಿಂಗಿಲ್ಲ ಅಂತ ಇಟ್ಟುಬಿಡ್ತಾಳೆ."

ಹುಷಾರಾಗಿರಿ ಎಂದು ಫೋನ್ ಇಟ್ಟೆ. ಬೇಕರಿಯ ಮುಂದೆ ಹಾದು ಮನೆಗೆ ಬರುವಾಗ ನಿಮ್ಮಮ್ಮನಿಗೆ ಹೇಗೆ ಹೇಳಲಿ ಎಂದು ಒಂದು ಮಾತೂ ಹೊಂದುತ್ತಿರಲಿಲ್ಲ. ಇವತ್ತು ಬೇಡ, ಜ್ವರ ಇಳಿಯಲಿ ಎಂದುಕೊಂಡು ಒಳಗೆ ಕಾಲಿಟ್ಟೆ.

ಬರೆದುಬಿಡು, ವಕೀಲಮ್ಮ. ಶೀಟು, ಬಾವುಟ, ಹಾಜರಿ, ನನ್ನ ಕಾಲರಿನ ಚಟ, ಎಲ್ಲವನ್ನೂ ಬರೆ. ಮಳೆಗಾಲದಿಂದ ಅಲ್ಲಿ ಕಾಯುತ್ತಾ ಕೂತಿರುವ ಹನ್ನೊಂದು ಮಕ್ಕಳನ್ನು ನಮ್ಮದೇ ಹಡಗು ಹೋಗಿ ತರಲಿ. ನಮ್ಮನ್ನು ಹಿಡಿದುಕೊಂಡು ಹೋದರೆ ಹೋಗಲಿ. ಆಚೆ ದಡದವರು ಬಂದರೆ ಗೋಪುರದ ಮೇಲೆ ನಮ್ಮವರು ನಮ್ಮದೇ ಬಟ್ಟೆಯಲ್ಲಿ ನಿಲ್ಲಲಿ. ನನಗೂ ಹೆದರಿಕೆ ಇದೆ. ಆದರೆ ನಾವು ನಂಬಿದವರು ಎದ್ದು ಹೋದ ಮೇಲೂ ಅವರ ಖಾಲಿ ಕುರ್ಚಿಗೆ ಗಾಳಿ ಬೀಸುತ್ತಾ ನಿಲ್ಲುವುದು ಇನ್ನು ನನ್ನಿಂದ ಆಗದು.

ಇನ್ನೊಂದು ಮಾತು ಉಳಿದಿದೆ. ಆ ದಿನ ಒಳಗೆ ಬಂದಾಗ ನಿಮ್ಮಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಚಪ್ಪಲಿ ಬಿಟ್ಟ ಸದ್ದಿಗೆ, ತಿರುಗದೆಯೇ ಕೇಳಿದಳು, "ಮಾತಾಡಿದ್ನಾ? ಊಟ ಮಾಡಿದ್ನಂತಾ?"

"ಹೂಂ. ನಮ್ಮ ಗುಡುಗಣ್ಣ ಚೆನ್ನಾಗಿದ್ದಾನೆ" ಅಂದೆ.

"ಅವನಲ್ಲ ರೀ" ಅಂದಳು. "ಆ ಹುಡುಗ."

ಅಪ್ಪ